ಹೋದ ವರ್ಷದ ಪುಸ್ತಕ ಕೈಯಲ್ಲಿ ಹಿಡಿದವರು

ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಡೊಂಬಿವಲಿಯಿಂದ, ವಸಾಯಿಯಿಂದ ಬಂದವರೂ ಇದ್ದೀರಿ ಎಂದು ಕೇಳಿ ಮನಸ್ಸು ತುಂಬಿತು. ಕೊನೆಯ ಫಾಸ್ಟ್ ಲೋಕಲ್ ತಪ್ಪದ ಹಾಗೆ ನಿಮ್ಮನ್ನು ಬಿಡುತ್ತೇನೆ.

ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಏನಾಯಿತು ಎಂದು ದೇಶಗಳು ವಿಶ್ವಸಂಸ್ಥೆಗೆ ತಾವಾಗಿಯೇ ಒಪ್ಪಿಸುವ ವರದಿಯ ಬಗ್ಗೆ ಇವತ್ತಿನ ಮಾತು. ವಿಷಯ ದೊಡ್ಡದು, ಅದರ ಹೆಸರು ಇನ್ನೂ ದೊಡ್ಡದು. ಹಾಗಾಗಿ ನಮಗೆಲ್ಲ ಗೊತ್ತಿರುವ ಜಾಗದಿಂದ ಶುರು ಮಾಡುತ್ತೇನೆ. ಸಂಘದ ವಾರ್ಷಿಕ ಮಹಾಸಭೆ. ಮುಂಬಯಿ ಕನ್ನಡಿಗರಾಗಿ ಒಂದು ಮಹಾಸಭೆಗೂ ಹೋಗದವರು ಇಲ್ಲಿ ಯಾರೂ ಇರಲಾರರು. ಪ್ರಾರ್ಥನೆ, ಸ್ವಾಗತ. ಆಮೇಲೆ ಹಿಂದಿನ ಮಹಾಸಭೆಯ ನಡಾವಳಿ ಓದಿ ಮಂಜೂರು ಮಾಡುತ್ತಾರೆ. ಗೌರವ ಕಾರ್ಯದರ್ಶಿ ವರದಿ ಓದುತ್ತಾರೆ, ಕೋಶಾಧಿಕಾರಿ ಲೆಕ್ಕ ಒಪ್ಪಿಸುತ್ತಾರೆ. ಯಾರೋ ಸೂಚಿಸುತ್ತಾರೆ, ಯಾರೋ ಅನುಮೋದಿಸುತ್ತಾರೆ. ಅಷ್ಟರಲ್ಲಿ ಹೊರಗೆ ಚಹಾದ ಕಪ್ಪುಗಳ ಸದ್ದು ಶುರುವಾಗಿರುತ್ತದೆ.

ನಾನು ಚಿಕ್ಕವನಿದ್ದಾಗ ಫೋರ್ಟಿನ ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ, ರಾತ್ರಿಶಾಲೆಯಲ್ಲಿ ಓದಿದವನು. ಮುಂದೆ ಲೆಕ್ಕಪತ್ರದ ಕೆಲಸವೇ ಹೊಟ್ಟೆಪಾಡಾಯಿತು. ಹಾಗಾಗಿ ಒಂದು ಸಂಘದಲ್ಲಿ ವರದಿ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಆ ಸಂಘದಲ್ಲಿ ಒಬ್ಬ ಹಿರಿಯ ಸದಸ್ಯರಿದ್ದರು. ರಾತ್ರಿಶಾಲೆಯಲ್ಲಿ ನನಗೇ ಪಾಠ ಹೇಳಿದವರು. ಎಲ್ಲರೂ ಅವರನ್ನು ಮಾಸ್ತರರು ಎಂದೇ ಕರೆಯುತ್ತಿದ್ದೆವು. ಮೂರನೇ ಸಾಲಿನ ತುದಿಯ ಕುರ್ಚಿ ಅವರದು. ಬಟ್ಟೆಯ ಚೀಲದಿಂದ ಅವರು ಎರಡು ಪುಸ್ತಕ ತೆಗೆಯುತ್ತಿದ್ದರು. ಒಂದು ಬಾಗಿಲಲ್ಲಿ ಕೊಟ್ಟ ಈ ವರ್ಷದ ವರದಿ. ಇನ್ನೊಂದು ಹೋದ ವರ್ಷದ್ದು, ಪೆನ್ಸಿಲ್ ಗೆರೆ ಎಳೆದದ್ದು, ಮಡಿಸಿದ ಬಸ್ ಟಿಕೆಟ್ಟುಗಳನ್ನು ಗುರುತಿಗೆ ಇಟ್ಟದ್ದು.

ಒಂದು ಸಲ ನಾನು ವರದಿ ಓದಿ ಕೂತ ಕೂಡಲೇ ಎದ್ದು ನಿಂತರು. "ಹೋದ ವರ್ಷ, ಪುಟ ಹನ್ನೊಂದು. ವಾಚನಾಲಯದ ಸೋರುವ ಮಾಡು ಬರುವ ಮಳೆಗಾಲದ ಮುಂಚೆ ರಿಪೇರಿ ಆಗುತ್ತದೆ ಅಂತ ಬರೆದಿದ್ದೀರಿ. ಈ ವರ್ಷದ ಪುಸ್ತಕದಲ್ಲಿ ಮಾಡಿನ ಸುದ್ದಿಯೇ ಇಲ್ಲ. ರಿಪೇರಿ ಆಯಿತೋ, ಇಲ್ಲವೋ?"

ಆಗಿರಲಿಲ್ಲ. ದುಡ್ಡು ಸಾಲದೆ ಕೆಲಸ ನಿಂತಿತ್ತು. ನಾನು ವರದಿಯಲ್ಲಿ ಸುಳ್ಳು ಬರೆದಿರಲಿಲ್ಲ. ಆಗದ್ದನ್ನು ಬರೆಯದೆ ಬಿಟ್ಟಿದ್ದೆ, ಅಷ್ಟೆ. ಎದ್ದು ನಿಂತು ಇದ್ದದ್ದನ್ನು ಹೇಳಿದೆ. ಅಲ್ಲೇ ಇಬ್ಬರು ಸದಸ್ಯರು ಹಣ ಕೊಡಲು ಮುಂದೆ ಬಂದರು. ಮರುವರ್ಷದಿಂದ ವರದಿ ಬರೆಯಲು ಕೂತಾಗಲೆಲ್ಲ ನಾನು ಮೊದಲು ಹೋದ ವರ್ಷದ ಪುಸ್ತಕ ತೆಗೆದು ಎದುರಿಗಿಟ್ಟುಕೊಳ್ಳುತ್ತಿದ್ದೆ. ಮಾಸ್ತರರು ಕೇಳುತ್ತಾರೆ ಎಂದು ಗೊತ್ತಿತ್ತಲ್ಲ.

ಇಷ್ಟನ್ನು ಮನಸ್ಸಲ್ಲಿಟ್ಟುಕೊಳ್ಳಿ. ಈಗ ದೇಶಗಳ ಮಹಾಸಭೆಗೆ ಹೋಗೋಣ.

2015ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ 193 ದೇಶಗಳು ಒಂದು ಕಾಗದವನ್ನು ಒಪ್ಪಿಕೊಂಡವು. 2030ರ ಒಳಗೆ ಮಾಡಬೇಕಾದ ಕೆಲಸಗಳ ಪಟ್ಟಿ ಅದು. 17 ಗುರಿಗಳು, ಅವುಗಳ ಕೆಳಗೆ 169 ಉಪಗುರಿಗಳು. ಬಡತನ, ಹಸಿವು, ಆರೋಗ್ಯ, ಶಾಲೆ, ಹೆಣ್ಣುಮಕ್ಕಳ ಸಮಾನತೆ, ನೀರು, ಕರೆಂಟು, ಕೆಲಸ, ಊರು ಕೇರಿ, ಹವಾಮಾನ, ಕಡಲು, ಕಾಡು, ನ್ಯಾಯ. ಇವನ್ನೇ ಸುಸ್ಥಿರ ಅಭಿವೃದ್ಧಿ ಗುರಿಗಳು ಎನ್ನುತ್ತೇವೆ. ಅದಕ್ಕೂ ಮುಂಚೆ 2000ದಿಂದ 2015ರವರೆಗೆ ಎಂಟು ಸಹಸ್ರಮಾನದ ಗುರಿಗಳಿದ್ದವು. ಅವು ಹೆಚ್ಚುಕಡಿಮೆ ಬಡ ದೇಶಗಳಿಗೆ ಕೊಟ್ಟ ಹೋಮ್‌ವರ್ಕಿನ ಹಾಗಿದ್ದವು. ಈ ಸಲ ಹಾಗಿಲ್ಲ. ನಾರ್ವೆಗೂ ಅದೇ ಪಟ್ಟಿ, ನೈಜರ್‌ಗೂ ಅದೇ ಪಟ್ಟಿ. ಇದು ನನಗೆ ತುಂಬಾ ಹಿಡಿಸಿದ ಮಾತು.

ಸರಿ, ಒಪ್ಪಿಕೊಂಡರು. ಮಾಡಿದರೋ ಇಲ್ಲವೋ ನೋಡುವವರು ಯಾರು?

ಯಾರೂ ಇಲ್ಲ. ಇನ್‌ಸ್ಪೆಕ್ಟರ್ ಬರುವುದಿಲ್ಲ, ಯಾರನ್ನೂ ನಪಾಸು ಮಾಡುವುದಿಲ್ಲ, ದಂಡ ಹಾಕುವುದಿಲ್ಲ. ಆ ಕಾಗದದಲ್ಲೇ ಬರೆದಿಟ್ಟಿದ್ದಾರೆ: ಪರಾಮರ್ಶೆ ಎನ್ನುವುದು ಸ್ವಯಂಪ್ರೇರಿತ, ಅದನ್ನು ಆಯಾ ದೇಶವೇ ಮುಂದೆ ನಿಂತು ನಡೆಸಬೇಕು. ಇದಕ್ಕೆ ಸ್ವಯಂಪ್ರೇರಿತ ರಾಷ್ಟ್ರೀಯ ಪರಾಮರ್ಶೆ ಎಂದು ಹೆಸರು. ಈ ಕೆಲಸದಲ್ಲಿರುವವರು ಚಿಕ್ಕದಾಗಿ ವಿಎನ್‌ಆರ್ ಎನ್ನುತ್ತಾರೆ. ನಾನು ಸುಮ್ಮನೆ ವರದಿ ಎನ್ನುತ್ತೇನೆ.

ಮೊದಲ ಸಲ ಇದನ್ನು ಓದಿದಾಗ ನನಗೆ ನಿರಾಸೆಯಾಯಿತು. ಮನಸ್ಸಿದ್ದರೆ ಲೆಕ್ಕ ಕೊಡಿ ಅಂದರೆ ಯಾರು ಕೊಡುತ್ತಾರೆ? ಲೆಕ್ಕಪರಿಶೋಧನೆ ಮಾಡಿದವನಿಗೆ ಹಾಗೆ ಅನಿಸುವುದು ಸಹಜ. ಆಮೇಲೆ ಇದರ ಹಿನ್ನೆಲೆ ಓದುತ್ತ ಹೋದೆ. ಸಾಲ ಕೊಡುವವರು ಷರತ್ತು ಹಾಕಿ, ನಿಮ್ಮ ಬಜೆಟ್ ಹೀಗಿರಲಿ ಹಾಗಿರಲಿ ಎಂದು ಹೇಳಿದ್ದನ್ನು ಬಡ ದೇಶಗಳು ವರ್ಷಗಟ್ಟಲೆ ಅನುಭವಿಸಿವೆ. ಮತ್ತೊಂದು ತಪಾಸಣೆಗೆ ಅವು ಒಪ್ಪುವ ಹಾಗಿರಲಿಲ್ಲ. ದೊಡ್ಡ ದೇಶಗಳಿಗೂ ಬೇರೆಯವರು ತಮ್ಮ ಮನೆಯೊಳಗೆ ಇಣುಕುವುದು ಬೇಕಿರಲಿಲ್ಲ. ಕಡ್ಡಾಯ ಎಂದಿದ್ದರೆ 193 ದೇಶಗಳು ಒಪ್ಪುತ್ತಲೇ ಇರಲಿಲ್ಲ. ಈಗ ನನಗೆ ಇದು ಸರಿಯಾದ ಆಯ್ಕೆ ಅನಿಸುತ್ತದೆ. ಆದರೆ ಒಂದು ಜಾಗದಲ್ಲಿ ಇದು ಅರ್ಧಕ್ಕೆ ನಿಂತಿದೆ. ಅದನ್ನು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಕ್ರಮ ಹೀಗಿದೆ. ಬರುವ ವರ್ಷ ನಾವು ವರದಿ ಒಪ್ಪಿಸುತ್ತೇವೆ ಎಂದು ದೇಶವೊಂದು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ತಿಳಿಸುತ್ತದೆ. ದೇಶದೊಳಗೆ ಯಾವುದಾದರೂ ಇಲಾಖೆ ಹೊಣೆ ಹೊರುತ್ತದೆ, ಅಂಕಿಅಂಶ ಸೇರಿಸುತ್ತದೆ, ರಾಜ್ಯಗಳನ್ನು, ಸಂಘಸಂಸ್ಥೆಗಳನ್ನು ಕರೆದು ಮಾತಾಡಿಸುತ್ತದೆ. ಮೊದಲು 700 ಪದಗಳ ಒಳಗೆ ಮುಖ್ಯ ಸಂದೇಶ ಕಳಿಸಬೇಕು. ಆಮೇಲೆ ಪೂರ್ತಿ ವರದಿ. ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಉನ್ನತ ಮಟ್ಟದ ರಾಜಕೀಯ ವೇದಿಕೆ ಎಂಬ ಸಭೆ ಸೇರುತ್ತದೆ. 2012ರಲ್ಲಿ ಬ್ರೆಜಿಲಿನ ರಿಯೊ ಸಮಾವೇಶದಲ್ಲಿ ತೀರ್ಮಾನವಾಗಿ ಹುಟ್ಟಿದ ವೇದಿಕೆ ಅದು. ಅಲ್ಲಿ ದೇಶದ ಪರವಾಗಿ ಒಬ್ಬರು ನಿಂತು ಮಾತಾಡುತ್ತಾರೆ. ಮೊದಲ ಸಲ ಬಂದವರಿಗೆ ಮಾತಿಗೆ ಕಾಲು ಗಂಟೆ, ಪ್ರಶ್ನೋತ್ತರಕ್ಕೂ ಅಷ್ಟೇ. ಎರಡನೇ ಸಲ, ಮೂರನೇ ಸಲ ಬಂದವರಿಗೆ ಇನ್ನೂ ಕಡಿಮೆ.

ಕಾಲು ಗಂಟೆಯಲ್ಲಿ ಒಂದು ಇಡೀ ದೇಶ! ಪ್ರಶ್ನೆಯ ಹೊತ್ತಿನಲ್ಲಿ ಮಿತ್ರ ದೇಶಗಳು ಮೊದಲು ಅಭಿನಂದನೆ ಹೇಳುತ್ತವೆ. ರೈತರು, ಕಾರ್ಮಿಕರು, ಮಹಿಳೆಯರು, ಆದಿವಾಸಿಗಳು ಇವರೆಲ್ಲರ ಗುಂಪುಗಳಿಗೂ ಅಲ್ಲಿ ಜಾಗ ಇದೆ, ಆದರೆ ಅವರೆಲ್ಲ ಸೇರಿ ಒಂದೆರಡು ನಿಮಿಷದಲ್ಲಿ ತಮ್ಮ ಪ್ರಶ್ನೆ ಮುಗಿಸಬೇಕು. ಅಷ್ಟರಲ್ಲಿ ಮುಂದಿನ ದೇಶದ ಸರದಿ ಬಂದಿರುತ್ತದೆ.

ಹಾಗಂತ ಅಲ್ಲಿಗೆ ಹೋಗುವುದು ಹಗುರ ಅಂದುಕೊಳ್ಳಬೇಡಿ. 2016ರಲ್ಲಿ ಮೊದಲ ಸಲ 22 ದೇಶಗಳು ಮುಂದೆ ಬಂದವು. ಆ 22ರಲ್ಲಿ ಜರ್ಮನಿ, ಫ್ರಾನ್ಸ್, ಚೀನಾ ಇದ್ದವು. ಅವುಗಳ ಜೊತೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಕೂಡ ಇತ್ತು. ಎಬೊಲಾ ಬಂದು ಆ ಸಣ್ಣ ದೇಶ ಸುಮಾರು 4,000 ಜನರನ್ನು ಕಳೆದುಕೊಂಡು ಆಗಷ್ಟೇ ಉಸಿರು ಬಿಡುತ್ತಿತ್ತು. ಆಸ್ಪತ್ರೆಗಳು ಕುಸಿದಿದ್ದವು, ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಯಾರೂ ಒತ್ತಾಯ ಮಾಡಿರಲಿಲ್ಲ. ಆದರೂ ಮೊದಲ ಸಾಲಿನಲ್ಲೇ ಬಂದು, ನಮ್ಮ ಸ್ಥಿತಿ ಇದು ಎಂದು ಹೇಳಿತು. ಇದನ್ನು ನೆನೆದಾಗ ನನಗೆ ಇವತ್ತಿಗೂ ಗೌರವ ಬರುತ್ತದೆ.

ಆಮೇಲೆ ದೇಶಗಳು ಸಾಲುಗಟ್ಟಿ ಬಂದವು. ಮರುವರ್ಷ 43. ಹತ್ತು ವರ್ಷದಲ್ಲಿ ಬೆರಳೆಣಿಕೆಯ ದೇಶಗಳನ್ನು ಬಿಟ್ಟರೆ ಎಲ್ಲರೂ ಒಂದು ಸಲವಾದರೂ ವರದಿ ಕೊಟ್ಟಿದ್ದಾರೆ. ಎಲ್ಲ ಸೇರಿ ಸುಮಾರು 400 ವರದಿಗಳು. ಬಡ ದೇಶಗಳೂ ಯುದ್ಧದಿಂದ ಬಳಲಿದ ದೇಶಗಳೂ ಇದರಲ್ಲಿವೆ.

ಭಾರತ ಮೂರು ಸಲ ಹೋಗಿದೆ. 2017ರಲ್ಲಿ ನೀತಿ ಆಯೋಗದ ಉಪಾಧ್ಯಕ್ಷರಾಗಿದ್ದ ಅರವಿಂದ್ ಪನಗಾರಿಯಾ ವರದಿ ಒಪ್ಪಿಸಿದರು. ಆ ಸಲ ಏಳು ಗುರಿಗಳ ಮಾತು ಮಾತ್ರ. 2020ರಲ್ಲಿ ಕೊರೊನಾ ಕಾಲ, ಸಭೆ ಪೂರ್ತಿ ಆನ್‌ಲೈನ್. ಆಗಿನ ಉಪಾಧ್ಯಕ್ಷ ರಾಜೀವ್ ಕುಮಾರ್ ಹಾಗೇ ಆನ್‌ಲೈನಿನಲ್ಲಿ ಮಾತಾಡಿದರು. ಆ ವರದಿಗಾಗಿ ಸಾವಿರಕ್ಕೂ ಜಾಸ್ತಿ ಸಂಘಸಂಸ್ಥೆಗಳ ಜೊತೆ ಸಮಾಲೋಚನೆ ನಡೆದಿತ್ತು. ಮಹಿಳೆಯರು, ದಲಿತರು, ಆದಿವಾಸಿಗಳು, ಅಂಗವಿಕಲರು, ವಲಸೆ ಕಾರ್ಮಿಕರು, ಹೀಗೆ ಹದಿನಾಲ್ಕು ಜನವರ್ಗಗಳನ್ನು ಬೇರೆ ಬೇರೆ ಕೂರಿಸಿ ಕೇಳಿದ್ದರು. ಇದು ಒಳ್ಳೆಯ ಕೆಲಸ ಅಂತ ಮನಸಾರೆ ಹೇಳುತ್ತೇನೆ. 2025ರ ಜುಲೈನಲ್ಲಿ ಆಗಿನ ಉಪಾಧ್ಯಕ್ಷ ಸುಮನ್ ಬೇರಿ ಮೂರನೇ ವರದಿ ಒಪ್ಪಿಸಿದರು.

ಮೂರು ವರದಿ ಇವೆ ಎಂದರೆ ಮಾಸ್ತರರ ಕೆಲಸ ಮಾಡಬಹುದು ಎಂದಾಯಿತು, ಅಲ್ವಾ? ಒಂದನ್ನು ಇನ್ನೊಂದರ ಪಕ್ಕ ಇಡಬಹುದು. ನಾನು ಇಟ್ಟೆ. ಆಗ ತಿಳಿದ ಮೂರು ಸಂಗತಿ ಹೇಳುತ್ತೇನೆ.

ಮೊದಲನೆಯದು ಅಂಕಗಳದ್ದು. ನೀತಿ ಆಯೋಗ ನಮ್ಮ ರಾಜ್ಯಗಳಿಗೆ ಈ ಗುರಿಗಳ ಮೇಲೆ ಅಂಕ ಕೊಡುತ್ತದೆ. 2018ರಲ್ಲಿ ದೇಶದ ಒಟ್ಟು ಅಂಕ ನೂರಕ್ಕೆ 57. 2023-24ರ ಪಟ್ಟಿಯಲ್ಲಿ 71. ಕೇರಳ, ಉತ್ತರಾಖಂಡ ಎರಡೂ 79ರಲ್ಲಿ ಮೇಲೆ ನಿಂತವು. 57ರಿಂದ 71 ಎಂದರೆ ಒಳ್ಳೆಯ ಏರಿಕೆ. ಆದರೆ 2018ರಲ್ಲಿ ಅಳೆದದ್ದು 62 ಸೂಚಕಗಳಿಂದ. 2023-24ರಲ್ಲಿ 113ರಿಂದ. ಗಜದ ಕೋಲೇ ಬದಲಾಗಿದೆ. ಕೋಲು ಉದ್ದವಾದದ್ದು ಒಳ್ಳೆಯದೇ, ಮೊದಲು ಅಳೆಯದಿದ್ದದ್ದನ್ನು ಈಗ ಅಳೆಯುತ್ತಿದ್ದೇವೆ. ಆದರೆ ಆ ಎರಡು ಅಂಕಗಳನ್ನು ಪಕ್ಕಪಕ್ಕ ಬರೆದು ಕಳೆಯುವ ಲೆಕ್ಕ ಮಾಡುವಾಗ ಜೊತೆಗೆ ಈ ಮಾತನ್ನೂ ಹೇಳಬೇಕು. ಯಾವ ಲೆಕ್ಕಪರಿಶೋಧಕನೂ ಅಷ್ಟು ಕೇಳುತ್ತಾನೆ.

ಎರಡನೆಯದು ಬಡತನದ್ದು. 2013-14ರಿಂದ 2022-23ರ ಒಳಗೆ 24.8 ಕೋಟಿ ಜನ ಬಹುಆಯಾಮದ ಬಡತನದಿಂದ ಹೊರಬಂದರು ಎನ್ನುವುದು ನೀತಿ ಆಯೋಗದ ಲೆಕ್ಕ. ಊಟ, ಶಾಲೆ, ಶೌಚಾಲಯ, ಅಡುಗೆ ಗ್ಯಾಸು, ಬ್ಯಾಂಕ್ ಖಾತೆ ಎಲ್ಲ ಸೇರಿಸಿ ನೋಡುವ ಲೆಕ್ಕ ಇದು. ಅಂಥವರ ಪಾಲು ನೂರಕ್ಕೆ 29.17ರಿಂದ 11.28ಕ್ಕೆ ಇಳಿಯಿತು. ನನ್ನ ಕಣ್ಣೆದುರೇ ಊರಿನ ಮನೆಗಳು ಬದಲಾದದ್ದನ್ನು ನೋಡಿದ್ದೇನೆ. ಹಾಗಾಗಿ ಏಳಿಗೆ ಆಗಿದೆ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ 2013-14ರಲ್ಲೂ 2022-23ರಲ್ಲೂ ಮನೆಮನೆಗೆ ಹೋಗಿ ಇದಕ್ಕಾಗಿ ಸಮೀಕ್ಷೆ ನಡೆದಿರಲಿಲ್ಲ. ಸಮೀಕ್ಷೆ ನಡೆದದ್ದು 2005-06, 2015-16, 2019-21ರಲ್ಲಿ. ಅವುಗಳ ನಡುವಿನ ಗತಿ ಹಿಡಿದು, ಹಿಂದಕ್ಕೂ ಮುಂದಕ್ಕೂ ಅಂದಾಜು ಎಳೆದು ಬಂದ ಸಂಖ್ಯೆ ಇದು. ಆ ನಡುವೆ ಒಂದು ಮಹಾಮಾರಿಯೇ ಬಂದುಹೋಯಿತು. ಅಂದಾಜು ಮಾಡುವುದು ತಪ್ಪಲ್ಲ, ಅಂದಾಜು ಎಂದು ದೊಡ್ಡದಾಗಿ ಹೇಳಬೇಕು. ಇದರ ಜೊತೆ ಇನ್ನೊಂದು: ನಮ್ಮ ಕೊನೆಯ ಜನಗಣತಿ 2011ರದ್ದು. ಮುಂದಿನದಕ್ಕೆ 2027ರ ಮಾರ್ಚ್ 1 ಗೊತ್ತಾಗಿದೆ. ಮುಂಬಯಿಯಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನ ಜೋಪಡಪಟ್ಟಿಯಲ್ಲಿದ್ದಾರೆ ಎಂದು ನಾವು ಹೇಳುವುದೂ ಆ 2011ರ ಲೆಕ್ಕ ಹಿಡಿದೇ.

ಮೂರನೆಯದು ನೀರು. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮುಂಬಯಿಯವರಿಗೆ ವರದಿ ಎಂದರೆ ಏನು ಎಂದು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ದಿನಾ ಬೆಳಗ್ಗೆ ಪೇಪರಿನಲ್ಲಿ ಊರಿಗೆ ನೀರು ಕೊಡುವ ಏಳು ಕೆರೆಗಳ ಮಟ್ಟ ಬರುತ್ತದೆ. ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ, ತಾನ್ಸಾ, ವಿಹಾರ, ತುಳಸಿ. ಇವತ್ತು ಎಷ್ಟು ತುಂಬಿದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು, ಅದರ ಹಿಂದಿನ ವರ್ಷ ಎಷ್ಟಿತ್ತು. ಎಲ್ಲ ತುಂಬಿದರೆ 14.47 ಲಕ್ಷ ಮಿಲಿಯನ್ ಲೀಟರ್. ಒಂದು ಸಾಲಿನಲ್ಲಿ ಮೂರು ವರ್ಷ. ಚಹಾ ಕುಡಿಯುತ್ತ ಎಂಥವರೂ ಓದಿ, ಈ ಸಲ ನೀರು ಕಡಿತ ಇದೆಯೋ ಇಲ್ಲವೋ ಹೇಳಿಬಿಡುತ್ತಾರೆ. ನಾನು ನೋಡಿದ ವರದಿಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ.

ಈಗ ಕೆರೆಯಿಂದ ಮನೆಗೆ ಬನ್ನಿ. ನಮ್ಮ ರಾತ್ರಿಶಾಲೆಯ ಒಬ್ಬ ಹುಡುಗಿಯ ಮನೆ ಸಾಕಿನಾಕಾದ ಗುಡ್ಡದ ಮೇಲಿದೆ. ಕಲಬುರಗಿ ಕಡೆಯಿಂದ ಬಂದ ಕುಟುಂಬ. ತಂದೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಒಂದು ದಿನ ನಾನು ಅವರ ಮನೆಯಲ್ಲಿ ಕೂತಿದ್ದಾಗ ಸಮೀಕ್ಷೆಯವರು ಬಂದರು. ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಒಬ್ಬ ಹುಡುಗಿ. ಪಾಪ, ಮೆಟ್ಟಿಲು ಹತ್ತಿ ಹತ್ತಿ ಬೆವರಿದ್ದಳು. ಕುಡಿಯುವ ನೀರು ಎಲ್ಲಿಂದ ಎಂದು ಹಿಂದಿಯಲ್ಲಿ ಕೇಳಿದಳು. ನಳದಿಂದ ಎಂದರು ಮನೆಯ ತಾಯಿ. ನಳ ಮನೆಯೊಳಗೆ ಇದೆಯಾ? ಇದೆ. ಪರದೆಯ ಮೇಲೆ ಎರಡು ಸಲ ಬೆರಳು ಮುಟ್ಟಿತು, ಮುಂದಿನ ಪ್ರಶ್ನೆಗೆ ಹೋದಳು.

ಆ ನಳ ನಾನು ನೋಡಿದ್ದೇನೆ. ಬೆಳಗಿನ ಜಾವ ನಾಲ್ಕೂವರೆಗೆ ಅದರಲ್ಲಿ ಮೊದಲು ಗಾಳಿ ಬರುತ್ತದೆ, ಹಾವು ಬುಸುಗುಟ್ಟಿದ ಹಾಗೆ. ಆಮೇಲೆ ಕೆಂಪು ನೀರು. ಒಂದು ಬಾಲ್ದಿ ಅದನ್ನು ಹೊರಗೆ ಚೆಲ್ಲುತ್ತಾರೆ. ತಿಳಿ ಬಂದ ಮೇಲೆ ನೀಲಿ ಡ್ರಮ್ಮಿಗೆ ಹಳೆಯ ಸೀರೆಯ ಬಟ್ಟೆ ಕಟ್ಟಿ ಪೈಪು ಬಿಡುತ್ತಾರೆ. ಐದೂಕಾಲಿಗೆ ನೀರು ಹೋಯಿತು. ಕೆಳಗಿನ ಸಾಲಿನವರು ಮೋಟರ್ ಹಾಕಿದ ದಿನ ಐದಕ್ಕೇ ಹೋಯಿತು. ಹುಡುಗಿ ರಾತ್ರಿ ಹತ್ತಕ್ಕೆ ಶಾಲೆ ಮುಗಿಸಿ ಮನೆಗೆ ಬಂದು, ನಾಲ್ಕಕ್ಕೆ ಏಳುತ್ತಾಳೆ.

ತಾಯಿ ಆ ಸಮೀಕ್ಷೆಯ ಹುಡುಗಿಯನ್ನು ಕೇಳಿದರು, ನೀರು ಯಾವಾಗ ಬರುತ್ತದೆ ಅಂತ ಬರೆದುಕೊಳ್ಳುವುದಿಲ್ಲವಾ ಎಂದು. ಆ ಪ್ರಶ್ನೆ ಇದರಲ್ಲಿ ಇಲ್ಲ ಆಂಟಿ ಅಂದಳು ಅವಳು. ಅವಳು ಹೋದ ಮೇಲೆ ತಾಯಿ ನನ್ನ ಕಡೆ ತಿರುಗಿ ಅಂದರು, "ನಳಾ ಅದ ಅಂದ್ರ ನೀರ ಅದ ಅಂತ ಬರ್ಕೊಂಡ್ಳಲ್ರಿ ಸರ."

ಆರನೇ ಗುರಿಯ ಜಾಗತಿಕ ಅಳತೆ ಆ ತಾಯಿಯ ಪರವಾಗಿಯೇ ಇದೆ ಎಂಬುದು ಸೋಜಿಗ. ಸುರಕ್ಷಿತ ಕುಡಿಯುವ ನೀರು ಎಂದು ಬರೆಯಬೇಕಾದರೆ ಮೂರು ಷರತ್ತು. ನೀರು ಮನೆಯ ಆವರಣದಲ್ಲಿ ಇರಬೇಕು. ಬೇಕಾದಾಗ ಸಿಗಬೇಕು. ಕಲುಷಿತವಾಗಿರಬಾರದು. ಮೂರೂ ಸೇರಿದರೆ ಮಾತ್ರ ಹೌದು. ಅಂದರೆ ನ್ಯೂಯಾರ್ಕಿನ ಕಾಗದ ಕೇಳಿದ ಪ್ರಶ್ನೆಯನ್ನು ಸಾಕಿನಾಕಾದ ಗುಡ್ಡದ ಮೇಲಿನ ತಾಯಿಯೂ ಕೇಳಿದರು. ನಡುವೆ ಇದ್ದ ಟ್ಯಾಬ್ಲೆಟ್ಟಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ನಮ್ಮ ದೇಶ ನೀರಿನಲ್ಲಿ ಮಾಡಿದ ಕೆಲಸ ಸಣ್ಣದಲ್ಲ. 2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಶುರುವಾದಾಗ ಹಳ್ಳಿಗಳಲ್ಲಿ 3.23 ಕೋಟಿ ಮನೆಗಳಿಗೆ ಮಾತ್ರ ನಳ ಇತ್ತು, ನೂರಕ್ಕೆ 17 ಮನೆ. 2025ರ ಹೊತ್ತಿಗೆ 15 ಕೋಟಿ ದಾಟಿತು, ನೂರಕ್ಕೆ 80ರ ಹತ್ತಿರ. ಪಕ್ಕದ ಗೋವಾ 2022ರಲ್ಲೇ ಎಲ್ಲ ಹಳ್ಳಿ ಮನೆಗೂ ನಳ ಕೊಟ್ಟ ಮೊದಲ ರಾಜ್ಯ ಎಂಬ ಪ್ರಮಾಣಪತ್ರ ಪಡೆಯಿತು. ಊರಿನಲ್ಲಿ ಬೋರ್‌ವೆಲ್ ಮುಂದೆ ಕೊಡ ಸಾಲಿಟ್ಟು ಕಾದ ಹೆಂಗಸರ ಮಗ ನಾನು. ಈ ಸಂಖ್ಯೆಗಳನ್ನು ಓದಿ ನನಗೆ ಸಂತೋಷವಾಯಿತು. ಆದರೆ ಅದು ಹಳ್ಳಿಗಳ ಲೆಕ್ಕ. ಗುಡ್ಡದ ಮೇಲಿನ ನಳ ಅದರಲ್ಲಿ ಬರುವುದಿಲ್ಲ. ಅಕ್ರಮ ವಸತಿ ಎಂದು ನೀರು ನಿರಾಕರಿಸುವ ಹಾಗಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರ ಡಿಸೆಂಬರಿನಲ್ಲಿ ಹೇಳಿತು. 2022ರಲ್ಲಿ ಮುಂಬಯಿ ಮಹಾನಗರಪಾಲಿಕೆ ಎಲ್ಲರಿಗೂ ನೀರು ಎಂಬ ನೀತಿ ತಂದಿತು. ದೇಶದ ವರದಿಯಲ್ಲಿ ನೀರಿನ ಪುಟ ತೆಗೆದಾಗ ನಾನು ಹುಡುಕುವುದು ಇದರ ಮುಂದಿನ ಕಥೆಯನ್ನು. ನಳ ಎಷ್ಟು ಎನ್ನುವುದಕ್ಕಿಂತ ಗಂಟೆ ಎಷ್ಟು ಎನ್ನುವುದನ್ನು.

ಈಗ ಆ ಅರ್ಧಕ್ಕೆ ನಿಂತ ಜಾಗದ ಮಾತು. ನಮ್ಮ ಸಣ್ಣ ಸಂಘಗಳ ಮಹಾಸಭೆಯಲ್ಲಿ ಮೊದಲು ಏನು ಓದುತ್ತೇವೆ? ಹಿಂದಿನ ಸಭೆಯ ನಡಾವಳಿ. ದೇಶಗಳ ಸಭೆಯಲ್ಲಿ ಆ ಕಲಮೇ ಇಲ್ಲ. ಮೂರು ವರ್ಷ, ಐದು ವರ್ಷ ಬಿಟ್ಟು ಬಂದ ದೇಶ ಮತ್ತೆ ಹೊಸದಾಗಿ ಕಥೆ ಶುರು ಮಾಡಬಹುದು. ಹಿಂದಿನ ವರದಿಯಿಂದ ಈಚೆಗೆ ಏನಾಯಿತು ಹೇಳಿ ಎಂದು ವಿಶ್ವಸಂಸ್ಥೆ ಸಲಹೆ ಕೊಡುತ್ತದೆ, ಅದು ನಿಜ. ಆದರೆ ಸಲಹೆ ಮಾತ್ರ. ಎರಡನೇ ವರದಿಗೆ ಮೊದಲನೆಯದಕ್ಕಿಂತ ಜಾಸ್ತಿ ಹೊತ್ತು ಬೇಕು, ಏಕೆಂದರೆ ಆಗ ಎರಡು ಪುಸ್ತಕ ತೆರೆಯಬೇಕು. ಅಲ್ಲಿ ಕಡಿಮೆ ಹೊತ್ತು ಕೊಡುತ್ತಾರೆ. ಇದು ತಲೆಕೆಳಗಾದ ಕ್ರಮ ಅಂತ ನನ್ನ ಖಚಿತ ಅಭಿಪ್ರಾಯ.

ಸ್ವಯಂಪ್ರೇರಿತ ಎನ್ನುವುದಕ್ಕೆ ಇದರಿಂದ ತೊಂದರೆಯೇನೂ ಇಲ್ಲ. ನಮ್ಮ ಸಂಘದಲ್ಲೂ ವರದಿ ಬರೆದದ್ದು ನಾವೇ, ಹೊರಗಿನವರು ಯಾರೂ ಬಂದಿರಲಿಲ್ಲ. ಕೇಳಿದವರು ಮಾಸ್ತರರು, ಅವರು ಮನೆಯವರೇ. ಅಂದರೆ ಈ ವರದಿಗಳಿಗೆ ಪರೀಕ್ಷಕರು ನ್ಯೂಯಾರ್ಕಿನಲ್ಲಿ ಸಿಗುವುದಿಲ್ಲ. ದೇಶದೊಳಗೆ ಹಳೆಯ ಪುಸ್ತಕ ಇಟ್ಟುಕೊಂಡವರು ಬೇಕು.

ಕೆಲವು ಕಡೆ ಇದು ನಡೆದಿದೆ. ಫಿನ್‌ಲ್ಯಾಂಡ್ 2020ರಲ್ಲಿ ಒಪ್ಪಿಸಿದ ವರದಿಯನ್ನು ನೋಡಿ. ಒಂದೊಂದು ಗುರಿಗೂ ಸರ್ಕಾರ ತಾನು ಏನು ಮಾಡಿದೆ ಎಂದು ಬರೆದಿದೆ. ಅದೇ ಪುಸ್ತಕದಲ್ಲಿ, ಅದೇ ಗುರಿಯ ಮೇಲೆ, ನಾಗರಿಕ ಸಂಘಟನೆಗಳು ತಮ್ಮ ಅಭಿಪ್ರಾಯ ಬರೆದಿವೆ. ಎರಡೂ ಒಂದೇ ರೀತಿ ಇರಬೇಕಿಲ್ಲ. ಸರ್ಕಾರದ ಮುದ್ರೆ ಇರುವ ಪುಸ್ತಕದಲ್ಲೇ ಸರ್ಕಾರವನ್ನು ಒಪ್ಪದ ಮಾತು! ನಾರ್ವೆಯೂ 2021ರಲ್ಲಿ ಹಾಗೇ ಮಾಡಿತು. ನಮ್ಮಲ್ಲಿ ಅಂಥ ಮಾತು ಬೇರೆ ಪುಸ್ತಕವಾಗಿ ಬರುತ್ತದೆ. ವಾದಾ ನ ತೋಡೋ ಅಭಿಯಾನ ಎಂಬ ಸಂಘಟನೆಗಳ ಒಕ್ಕೂಟ 2017ರಲ್ಲೇ ನಾಗರಿಕರ ವರದಿ ತಂದಿತು. ಆ ಹೆಸರೇ ಎಷ್ಟು ಚೆಂದ ನೋಡಿ, ಕೊಟ್ಟ ಮಾತು ಮುರಿಯಬೇಡಿ ಅಂತ. ಎರಡು ಪುಸ್ತಕಗಳನ್ನು ಒಂದೇ ಹೊಲಿಗೆಯಲ್ಲಿ ಕಟ್ಟಿದರೆ ಸಾಕು.

ಊರುಗಳೂ ಈಗ ಇಂಥ ವರದಿ ಕೊಡುತ್ತಿವೆ. 2018ರಲ್ಲಿ ನ್ಯೂಯಾರ್ಕ್ ನಗರ ತನ್ನದೇ ವರದಿ ಕೊಟ್ಟಿತು, ಜಪಾನಿನ ಮೂರು ಊರುಗಳೂ ಕೊಟ್ಟವು. ಅದರಲ್ಲಿ ಶಿಮೊಕಾವಾ ಎಂಬುದು ಕಾಡಿನ ನಡುವಿನ ಕೆಲವೇ ಸಾವಿರ ಜನರ ಪಟ್ಟಣ. ನಮ್ಮ ದೇಶದಲ್ಲಿ ಮೊದಲು ಕೊಟ್ಟದ್ದು ಭೋಪಾಲ್, 2023ರಲ್ಲಿ. ಮುಂಬಯಿಯ ಬಗ್ಗೆ ಯೋಚಿಸುವಾಗ ನನಗೆ ಕಾಡುವ ಇನ್ನೊಂದು ವಿಷಯ ಇದೆ. ಪಾಲಿಕೆಯ 227 ಚುನಾಯಿತ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಜಾಸ್ತಿ ಕಾಲ ಊರು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಹದಿನಾರನೇ ಗುರಿಯಲ್ಲಿ ಎಲ್ಲ ಹಂತದಲ್ಲೂ ಜನರನ್ನು ಒಳಗೊಂಡ ತೀರ್ಮಾನ ಎಂಬ ಉಪಗುರಿ ಇದೆ. ಈ ಊರಿನ ವರದಿ ಕೈಗೆ ಬಂದರೆ ನಾನು ಮೊದಲು ತೆಗೆಯುವ ಪುಟ ಅದು.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ದಾದರಿನಿಂದ ಬಂದಿದ್ದ ಒಬ್ಬ ಗೆಳೆಯರು ಕೇಳಿದರು: "ಅಮೆರಿಕ ಒಂದು ಸಲವೂ ವರದಿ ಕೊಟ್ಟಿಲ್ಲ ಅಂತ ಓದಿದ್ದೇನೆ. ಅವರೇ ಕೊಡದಿದ್ದರೆ ನಾವ್ಯಾಕೆ ಸುಮ್ನೆ ಒದ್ದಾಡಬೇಕು?"

ನೀವು ಓದಿದ್ದು ನಿಜ. ನ್ಯೂಯಾರ್ಕ್ ನಗರ ಕೊಟ್ಟಿದೆ, ಆ ನಗರ ಇರುವ ದೇಶ ಕೊಟ್ಟಿಲ್ಲ. 2025ರ ಮಾರ್ಚ್‌ನಲ್ಲಿ ಈ ಗುರಿಗಳನ್ನೇ ತಾನು ತಿರಸ್ಕರಿಸುತ್ತೇನೆ ಎಂದು ವಿಶ್ವಸಂಸ್ಥೆಯಲ್ಲಿ ಹೇಳಿಯೂ ಆಯಿತು. ನನಗೆ ಅದರಿಂದ ಬೇಸರವಾಗಿದೆ. ಆದರೆ ಸಾಕಿನಾಕಾದ ನಳದಲ್ಲಿ ನೀರು ಎಷ್ಟು ಗಂಟೆ ಬರುತ್ತದೆ ಎಂಬುದನ್ನು ನಾವು ಅಮೆರಿಕಕ್ಕಾಗಿ ಬರೆದಿಡುವುದಿಲ್ಲವಲ್ಲ. ಇಡೀ ಜಗತ್ತಿನ ಲೆಕ್ಕ ಕೇಳಿದರೆ ಅದೂ ಖುಷಿಯದ್ದಲ್ಲ. ವಿಶ್ವಸಂಸ್ಥೆಯ 2025ರ ವರದಿಯ ಪ್ರಕಾರ, ಲೆಕ್ಕ ಸಿಗುವ ಉಪಗುರಿಗಳಲ್ಲಿ ನೂರಕ್ಕೆ 35 ಮಾತ್ರ ಸರಿದಾರಿಯಲ್ಲಿವೆ ಅಥವಾ ಮಧ್ಯಮ ವೇಗದಲ್ಲಿವೆ. ಸುಮಾರು ಅರ್ಧ ತೆವಳುತ್ತಿವೆ. ನೂರಕ್ಕೆ 18 ಅಂತೂ 2015ಕ್ಕಿಂತ ಹಿಂದಕ್ಕೆ ಹೋಗಿವೆ. ಇಷ್ಟಾದರೂ ನಮಗೆ ಗೊತ್ತಾಗಿರುವುದು ದೇಶಗಳು ಅಂಕಿಅಂಶ ಕೊಟ್ಟದ್ದರಿಂದ.

ಇನ್ನೊಂದು ಪ್ರಶ್ನೆ ಬಂದದ್ದು ಹಿಂದಿನ ಸಾಲಿನಿಂದ. ಆ ಗುಡ್ಡದ ಮೇಲಿನ ಹುಡುಗಿಯೇ. "ಸರ್, ಈ ಪುಸ್ತಕ ಕನ್ನಡದಾಗ ಸಿಗ್ತದೇನ್ರಿ?"

ದೇಶಗಳು ಅಲ್ಲಿ ವರದಿ ಒಪ್ಪಿಸುವುದು ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ ಒಂದರಲ್ಲಿ. ಅರೇಬಿಕ್, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ನಮ್ಮ ದೇಶದ್ದು ಇಂಗ್ಲಿಷಿನಲ್ಲಿದೆ. ಅವಳಿಗೆ ಅದನ್ನು ಹೇಳುವಾಗ ನನಗೆ ಸಂಕಟವಾಯಿತು. ಅವಳ ಮನೆಯ ನಳದ ಲೆಕ್ಕ ಇರುವ ಪುಸ್ತಕ ಅವಳಿಗೆ ಓದಲು ಬರಬೇಡವೇ?

ಆವತ್ತು ಸಭೆ ಮುಗಿದ ಮೇಲೆ ನಾವು ಐದು ಜನ ನಿಂತು ಮಾತಾಡಿದೆವು. ಪೂರ್ತಿ ವರದಿ ದೊಡ್ಡದು, ಮುಖ್ಯ ಸಂದೇಶದ 700 ಪದಗಳಿಂದ ಶುರು ಮಾಡೋಣ ಎಂದಾಯಿತು. ಈಗ ವಾರಕ್ಕೊಮ್ಮೆ ರಾತ್ರಿಶಾಲೆಯ ಕೋಣೆಯಲ್ಲಿ, ಪಾಠ ಮುಗಿದ ಮೇಲೆ, ಅರ್ಧ ಗಂಟೆ ಕೂರುತ್ತೇವೆ. ಮೊದಲ ದಿನವೇ ಒಂದು ಪದಕ್ಕೆ ಸಿಕ್ಕಿಬಿದ್ದೆವು. ಸೂಚಕ ಎಂದು ನಾನು ಬರೆದೆ. ಮಕ್ಕಳಿಗೆ ಅದು ಹಿಡಿಸಲಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಅಳತೆ ಅನ್ನಿ ಸರ್, ಪಾವು ಸೇರು ಇದ್ದ ಹಾಗೆ ಅಂದ. ಹಾಗೇ ಬರೆದೆವು. ಮುಂದಿನ ವಾರ ಆರನೇ ಗುರಿಯ ಪುಟ ತೆಗೆಯುತ್ತೇವೆ. ಆ ಹುಡುಗಿ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂದೆ ಗೆರೆ ಹಾಕಿ, ನೀರು ಬಂದ ಹೊತ್ತು, ಹೋದ ಹೊತ್ತು ದಿನಾ ಬರೆದಿಡುತ್ತಿದ್ದಾಳೆ. ಅದನ್ನೂ ತರುತ್ತಾಳೆ.